ಬಣ್ಣ ನೋಡಬೇಡಿ, ಚಾಸಿ ನಂಬರ್ ಓದಿ

ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದರೆ ನಾವು ಮಾಡುವ ಮೊದಲ ಕೆಲಸ ಸೆಲ್ಫಿ ತೆಗೆದುಕೊಳ್ಳುವುದು. ಬಣ್ಣ ಫಳಫಳ ಹೊಳೆದರೆ ಸಾಕು, ‘ಇದು ಒರಿಜಿನಲ್’ ಎಂದುಬಿಡುತ್ತೇವೆ. ಆದರೆ ಬಣ್ಣವನ್ನು ಮೊನ್ನೆ ಮೊನ್ನೆ ಹೊಡೆಸಿರಬಹುದಲ್ಲ? ಕಾರಿನ ನಿಜವಾದ ಜಾತಕ ಇರುವುದು ಚಾಸಿ ನಂಬರಿನಲ್ಲಿ.

ಬ್ರಿಟನ್ನಿನ ಸ್ಪೋರ್ಟ್ಸ್ ಕಾರುಗಳನ್ನೇ ನೋಡಿ. 1962ರಲ್ಲಿ ಬಂದ ಎಂಜಿಬಿಯ ನಂಬರ್ ‘ಜಿಎಚ್ಎನ್3’ ಎಂದು ಶುರುವಾಗುತ್ತದೆ. ಜಿ ಎಂದರೆ ಎಂಜಿ ಕಂಪನಿ, ಎಚ್ ಎಂಜಿನ್ ಗಾತ್ರದ ವರ್ಗ, ಎನ್ ಎಂದರೆ ಎರಡು ಸೀಟಿನ ತೆರೆದ ಕಾರು. ಎನ್ ಜಾಗದಲ್ಲಿ ಡಿ ಇದ್ದರೆ ಅದು ಛಾವಣಿ ಇರುವ ಜಿಟಿ. ಕೊನೆಗೆ ಎಲ್ ಸೇರಿದರೆ ಸ್ಟೀರಿಂಗ್ ಎಡಕ್ಕೆ.

1961ರ ಜಾಗ್ವಾರ್ ಇ-ಟೈಪ್‌ನದು ಇನ್ನೂ ಸ್ವಾರಸ್ಯ. ಬಲಗಡೆ ಸ್ಟೀರಿಂಗಿನ ತೆರೆದ ಕಾರಿಗೆ 850001ರಿಂದ, ಛಾವಣಿಯದಕ್ಕೆ 860001ರಿಂದ ನಂಬರ್. ಎಡಗಡೆ ಸ್ಟೀರಿಂಗಿಗೆ ಕ್ರಮವಾಗಿ 875001 ಮತ್ತು 885001. ತೆರೆದ ಕಾರಿನಲ್ಲಿ 885ರ ನಂಬರ್ ಕಂಡರೆ ಯಾರೋ ಛಾವಣಿ ಕತ್ತರಿಸಿದ್ದಾರೆ ಎಂದೇ ಅನುಮಾನಿಸಬೇಕು.

ಹಾಗೆಂದು ನಂಬರ್ ಒಂದನ್ನೇ ನಂಬಿದರೂ ಮೋಸ ಹೋಗುತ್ತೇವೆ. ನಂಬರಿನ ಫಲಕವನ್ನು ಬಿಚ್ಚಿ ಇನ್ನೊಂದು ಕಾರಿಗೆ ಜೋಡಿಸಬಹುದು. ಆದ್ದರಿಂದ ಫಲಕದಲ್ಲಿರುವುದು, ಚೌಕಟ್ಟಿನ ಮೇಲೆ ಒತ್ತಿರುವುದು, ಕಾರ್ಖಾನೆಯ ದಾಖಲೆ ಮೂರೂ ತಾಳೆಯಾಗಬೇಕು. ಜಾಗ್ವಾರ್ ಹೆರಿಟೇಜ್ ಸಂಸ್ಥೆ ಹಳೆಯ ದಾಖಲೆ ತೆಗೆದು ಎಂಜಿನ್ ನಂಬರ್, ಮೂಲ ಬಣ್ಣದ ಸಮೇತ ಪ್ರಮಾಣಪತ್ರ ಕೊಡುವುದು ಇದಕ್ಕೇ.

1929 ಮತ್ತು 1930ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಬೆಂಟ್ಲಿ ‘ಓಲ್ಡ್ ನಂಬರ್ ಒನ್’ ಅಸಲಿಯೇ ಎಂಬ ವ್ಯಾಜ್ಯ 1990ರಲ್ಲಿ ಲಂಡನ್ ಹೈಕೋರ್ಟ್ ತಲುಪಿತ್ತು. ಗೆದ್ದ ದಿನದ ಬಿಡಿಭಾಗಗಳು ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಕಾರಿನ ಇತಿಹಾಸ ಎಲ್ಲೂ ತುಂಡಾಗಿಲ್ಲ, ಇದು ಅದೇ ಕಾರು ಎಂದು ನ್ಯಾಯಾಲಯ ಒಪ್ಪಿತು. ಲೋಹಕ್ಕಿಂತ ದಾಖಲೆಯ ಸರಪಳಿಯೇ ಗಟ್ಟಿ ಎಂದಾಯಿತು.

ಕೋಟಿ ಬೆಲೆಯ ಕಾರಿನ ಮಾತು ನಮಗೇಕೆ ಎನ್ನಬೇಡಿ. ಕೆಲಸಕ್ಕೆ ಓಡಾಡಲು ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರು ನಾವೇ. ಟ್ಯಾಂಕಿನ ಹೊಳಪಿಗೆ ಮರುಳಾಗಿ ಅಡ್ವಾನ್ಸ್ ಕೊಡುವ ಮೊದಲು ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಗಾಡಿಯ ಮೇಲಿರುವುದರ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ. ಅಂಕಿಗಳನ್ನು ಉಜ್ಜಿದ, ತಿದ್ದಿದ ಗುರುತು ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಐದು ನಿಮಿಷದ ಈ ಕೆಲಸಕ್ಕೆ ಸಂಕೋಚಪಟ್ಟರೆ, ಕದ್ದ ಗಾಡಿಯ ಸಲುವಾಗಿ ಠಾಣೆಗೆ ಅಲೆಯಬೇಕಾದೀತು.