ಮಾರಿಕುಪ್ಪಂ ಗಾಡಿ ಬಂಗಾರಪೇಟೆಯಲ್ಲೇ ನಿಂತಿದ್ದು

ಸ್ವಿಫ್ಟ್‌ನಲ್ಲಿ ಪ್ರೋಗ್ರಾಂ ಬರೆಯುವ ಗೆಳೆಯರೇ, ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೇನೆ. "ಎಲ್ಲಾನೂ ಎಕ್ಸ್‌ಟೆನ್ಷನ್‌ಗೆ ಹಾಕಿ, ಕೋಡ್ ಚೊಕ್ಕಟವಾಗಿರುತ್ತೆ" ಅಂತ ಸಿಕ್ಕವರಿಗೆಲ್ಲ ಉಪದೇಶ ಮಾಡ್ತೀರಲ್ಲ, ಆ ಚೊಕ್ಕಟತನದ ಬೆಲೆ ಕೇಳಿ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ನಮ್ಮ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನ ಬೆಂಗಳೂರು ರೈಲಿನಲ್ಲಿದೆ. ಬಂಗಾರಪೇಟೆಯಲ್ಲಿ ಕವಲೊಡೆದು ಕೋರಮಂಡಲ್, ಊರ್ಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂ ಸೇರುವ ಗಾಡಿಗಳಿಗಾಗಿ ಒಂದು ಪುಟ್ಟ ಆ್ಯಪ್ ಮಾಡಿದ್ದೆ. ಪ್ರೋಟೋಕಾಲ್ ಅಂದರೆ ಒಪ್ಪಂದ. ಅದರಲ್ಲಿ 'ಕೊನೆಯ ನಿಲ್ದಾಣ' ಎಂಬ ಮೆಥಡ್. ಅದರ ಎಕ್ಸ್‌ಟೆನ್ಷನ್‌ನಲ್ಲಿ ಡೀಫಾಲ್ಟ್ ಉತ್ತರ: ಬಂಗಾರಪೇಟೆ. 'ರೈಲು' ಎಂಬ ಮೂಲ ಕ್ಲಾಸ್ ಒಪ್ಪಂದಕ್ಕೆ ಸಹಿ ಹಾಕಿ ಸುಮ್ಮನಾಯಿತು, ಮೆಥಡ್ ಬರೆಯಲಿಲ್ಲ. ಅದರ ಸಬ್‌ಕ್ಲಾಸ್ 'ಕೆಜಿಎಫ್ ಗಾಡಿ'. ಇದರ ಎಕ್ಸ್‌ಟೆನ್ಷನ್‌ನಲ್ಲಿ ನಾನು ಬರೆದ ಉತ್ತರ: ಮಾರಿಕುಪ್ಪಂ.

ಮೊದಲು 'ಓವರ್‌ರೈಡ್' ಅಂತ ಸೇರಿಸಿದ್ದೆ. ಮೇಲಿನ ಕ್ಲಾಸಿನಲ್ಲಿ ಇಂಥದ್ದೇ ಇಲ್ಲವಲ್ಲ ಅಂತ ಕಂಪೈಲರ್ ಬೈಯಿತು. ಆ ಪದ ಅಳಿಸಿದೆ, ಬಾಯಿ ಮುಚ್ಚಿಕೊಂಡಿತು. ನಾವೆಲ್ಲ ಮಾಡೋದು ಇದೇ ಅಲ್ವೇ?

ಸಬ್‌ಕ್ಲಾಸನ್ನೇ ನೇರವಾಗಿ ಕೇಳಿದರೆ 'ಮಾರಿಕುಪ್ಪಂ' ಅನ್ನುತ್ತೆ. ಪ್ರೋಟೋಕಾಲ್ ಹೆಸರಿನ ಪಟ್ಟಿಯಲ್ಲಿಟ್ಟು ಕೇಳಿದರೆ 'ಬಂಗಾರಪೇಟೆ'! ಪಕ್ಕದ ಮನೆಯವರು ಅದನ್ನು ನಂಬಿ, ಇದು ನಮ್ಮೂರಿಗೆ ಹೋಗಲ್ಲ ಅಂತ ಸಂಜೆ ಗಾಡಿ ಬಿಟ್ಟರು. ಮನೆ ಸೇರಿದ್ದು ನಡುರಾತ್ರಿ. ನನ್ನ ಮುಖ ನೋಡಲಾಗಲಿಲ್ಲ...

ಕಾರಣ ಸರಳ. ಪ್ರೋಟೋಕಾಲ್ ಕೇಳಿದಾಗ ಯಾವ ಮೆಥಡ್ ಓಡಬೇಕು ಅನ್ನೋದು ಮೂಲ ಕ್ಲಾಸ್ ಸಹಿ ಹಾಕಿದ ಜಾಗದಲ್ಲೇ ತೀರ್ಮಾನವಾಗುತ್ತೆ. ನಾನು ಬರೆದದ್ದು ಓವರ್‌ರೈಡ್ ಅಲ್ಲ, ಅದೇ ಹೆಸರಿನ ಬೇರೆ ಮೆಥಡ್.

"ಹಾಗಾದರೆ ಮೂಲ ಕ್ಲಾಸಿನ ಎಕ್ಸ್‌ಟೆನ್ಷನ್‌ನಲ್ಲಿ ಬರೀತೀವಿ" ಅಂತೀರಾ? ಅಲ್ಲಿ ಹುಟ್ಟಿದ ಮೆಥಡನ್ನು ಓವರ್‌ರೈಡ್ ಮಾಡಲು ಸ್ವಿಫ್ಟ್ ಬಿಡಲ್ಲ. ಸಬ್‌ಕ್ಲಾಸಿನ ಎಕ್ಸ್‌ಟೆನ್ಷನ್ ಒಳಗಿಂದ ಓವರ್‌ರೈಡ್ ಮಾಡಲೂ ಬಿಡಲ್ಲ. ಆಬ್ಜೆಕ್ಟಿವ್-ಸಿ ಬಾಲ ಹಿಡಿದರೆ ಮಾತ್ರ ದಾರಿ. ಅಲ್ಲಿ ಕಂಪೈಲರ್ ಬೈಯುತ್ತದಲ್ಲ, ಅದರ ಮೇಲೆ ನನಗೆ ಕೋಪವಿಲ್ಲ. ಸುಮ್ಮನಿದ್ದು ಕೈ ಕೊಡುತ್ತದಲ್ಲ, ಕೋಪ ಅದರ ಮೇಲೆ. ಪ್ರೋಟೋಕಾಲ್ ಎಕ್ಸ್‌ಟೆನ್ಷನ್ ಬಂದದ್ದು 2015ರಲ್ಲಿ, ಸ್ವಿಫ್ಟ್ 2ರ ಜೊತೆ. ಇಂಥ ಕಡೆ ಒಂದು ಎಚ್ಚರಿಕೆಯ ಸಾಲು ಹಾಕಿದ್ದರೆ ಗಂಟೇನು ಹೋಗ್ತಿತ್ತು?

ಅಲ್ಲಿಯವರೆಗೆ ಮೆಥಡನ್ನು ಮೂಲ ಕ್ಲಾಸಿನ ಮೈಯೊಳಗೇ ಬರೆಯಿರಿ, ಸಬ್‌ಕ್ಲಾಸಿನ ಮೈಯೊಳಗೆ ಓವರ್‌ರೈಡ್ ಮಾಡಿ. ನಾಲ್ಕು ಸಾಲು ಹೆಚ್ಚಾಗುತ್ತೆ, ಚೊಕ್ಕಟತನ ಕಮ್ಮಿಯಾಗುತ್ತೆ. ಗಾಡಿ ಮಾತ್ರ ಮಾರಿಕುಪ್ಪಂ ಮುಟ್ಟುತ್ತೆ.

ಒಪ್ಪದವರು ಜಗಳಕ್ಕೆ ಬನ್ನಿ, ಕಾಯ್ತಿರ್ತೀನಿ :)