ಕತ್ತಿಗೆ ಬೇಲಿ ಹಾಕಿರಿ, ದವಾಖಾನೆಗೆ ಬೀಗ ಹಾಕಬೇಡಿರಿ



ನಮ್ಮ ಶಿರೋಳಿ ಎಸ್ಟೇಟಿನ ಚಹಾದಂಗಡಿಯಲ್ಲಿ ಎರಡನೆಯ ಪಾಳಿ ಬಿಟ್ಟ ಹೊತ್ತಿಗೆ ನಡೆದ ಮಾತಿನಿಂದಲೇ ಆರಂಭಿಸುತ್ತೇನೆ. ಒಬ್ಬರು ಪತ್ರಿಕೆಯ ಸುದ್ದಿ ಓದಿ ಹೇಳಿದರು: "ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಹುಡುಗ ಹುಡುಗಿಯಾಗುವ ಔಷಧಕ್ಕೆ ಸರ್ಕಾರವೇ ತಡೆ ಹಾಕಿದೆ. ನಮ್ಮಲ್ಲೂ ಹಾಗೇ ಮಾಡಬೇಕು." ಕುಳಿತವರೆಲ್ಲ ತಲೆಯಾಡಿಸಿದರು. ನಾನು ಒಂದೇ ಪ್ರಶ್ನೆ ಕೇಳಿದೆ: "ನಮ್ಮ ಮಕ್ಕಳಿಗೆ ಆ ಬಾಗಿಲು ಯಾವಾಗ ತೆರೆದಿತ್ತು, ಈಗ ಮುಚ್ಚುವುದಕ್ಕೆ?" ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಯನ್ನೇ ಇಲ್ಲಿ ಎಲ್ಲರ ಮುಂದಿಡುತ್ತೇನೆ.

ಇದು ಪರದೇಶದ ಶ್ರೀಮಂತರ ಸಮಸ್ಯೆಯೆಂದು ಯಾರೂ ತಿಳಿಯಬಾರದು. ಹುಟ್ಟಿದಾಗ ಗಂಡೆಂದು ಬರೆಸಿದ ಮಗು ತಾನು ಹೆಣ್ಣೆಂದು ಅರಿಯುವುದು, ಹೆಣ್ಣೆಂದು ಬರೆಸಿದ ಮಗು ತಾನು ಗಂಡೆಂದು ಅರಿಯುವುದು ನಮ್ಮ ಚಾಳುಗಳಲ್ಲೂ ಇದೆ. ಎರಕದ ಕೆಲಸ ಮಾಡುವ ಒಬ್ಬ ಬಂಧುವಿನ ಮನೆಯಲ್ಲಿ ನಾನೇ ಕಂಡಿದ್ದೇನೆ. ಮಗುವಿಗೆ ಹದಿನೈದು ವರ್ಷ. ಗಂಟಲು ಒಡೆದು ಧ್ವನಿ ಬದಲಾದಾಗ ಮಾತನಾಡುವುದನ್ನೇ ಬಿಟ್ಟಿತು. ಶಾಲೆ ಬಿಟ್ಟಿತು. ತಂದೆ ಮೊದಲು ಹೊಡೆದ, ಆಮೇಲೆ ಅತ್ತ, ಕೊನೆಗೆ ನನ್ನ ಬಳಿ ಬಂದ. ಇಬ್ಬರೂ ಮಗುವನ್ನು ಕರೆದುಕೊಂಡು ಒಂದು ದವಾಖಾನೆಗೆ ಹೋದೆವು. ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಕಳುಹಿಸಿದರು. ಒಬ್ಬರು ನಕ್ಕರು. ಇನ್ನೊಬ್ಬರು "ಮದುವೆ ಮಾಡಿರಿ, ಸರಿಹೋಗುತ್ತದೆ" ಎಂದರು. ಮತ್ತೊಬ್ಬರು "ಹದಿನೆಂಟು ತುಂಬಲಿ, ಆಮೇಲೆ ಬನ್ನಿರಿ" ಎಂದು ಚೀಟಿಯನ್ನೇ ಬರೆಯದೆ ಹಿಂದಕ್ಕೆ ಕಳುಹಿಸಿದರು. ತಂದೆಗೆ ಎರಡು ದಿನದ ಪಗಾರ ಹೋಯಿತು. ಮೂರನೆಯ ಸಲ ಅವನು ರಜೆ ಕೇಳಲಿಲ್ಲ.

ಆರು ತಿಂಗಳಲ್ಲಿ ಮಗು ಮನೆ ಬಿಟ್ಟಿತು. ಈಗ ಮುಂಬಯಿಯಿಂದ ಎಂದಾದರೊಮ್ಮೆ ತಾಯಿಗೆ ಫೋನು ಮಾಡುತ್ತದೆ. ಯಾರೋ ಹೇಳಿದಂತೆ ಅಂಗಡಿಯಿಂದ ಗರ್ಭನಿರೋಧಕ ಗುಳಿಗೆ ತಂದು ದಿನಕ್ಕೆ ಎರಡು ಮೂರು ನುಂಗುತ್ತದಂತೆ, ಮೈ ಹೆಣ್ಣಿನಂತಾಗಲಿ ಎಂದು. ಇಂಥ ಗುಳಿಗೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ರಕ್ತ ಪರೀಕ್ಷೆ ಮಾಡುವವರಿಲ್ಲ, ಪ್ರಮಾಣ ಹೇಳುವವರಿಲ್ಲ. ಹದಿನೆಂಟರ ತನಕ ಕಾಯಿರಿ ಎಂದವರು ಔಷಧವನ್ನು ತಡೆದರೇ? ಇಲ್ಲ. ವೈದ್ಯನನ್ನು ಮಾತ್ರ ತಡೆದರು.

2019ರಲ್ಲಿ ಮತ್ತು 2021ರಲ್ಲಿ ಪಂಚಗಂಗೆಗೆ ಮಹಾಪೂರ ಬಂದು ನಮ್ಮ ಶಿರೋಳಿಯ ಹತ್ತಿರ ಹೆದ್ದಾರಿ ಮುಳುಗಿದ್ದನ್ನು ನೆನಪು ಮಾಡಿಕೊಳ್ಳಿರಿ. ರಸ್ತೆ ಬಂದ್ ಎಂದು ಫಲಕ ಹಾಕಿದ ಮಾತ್ರಕ್ಕೆ ಆಚೆ ದಡಕ್ಕೆ ಹೋಗಬೇಕಾದವರ ಅಗತ್ಯ ನಿಂತಿತೇ? ಗಟ್ಟಿ ದೋಣಿ ಸಿಗದಿದ್ದರೆ ಮನುಷ್ಯನು ತೂತು ದೋಣಿಯನ್ನಾದರೂ ಹತ್ತುತ್ತಾನೆ.

ಈಗ ಆ ಪರದೇಶದ ಸುದ್ದಿಯನ್ನು ಸರಿಯಾಗಿ ನೋಡೋಣ. ಇಂಗ್ಲೆಂಡಿನಲ್ಲಿ ಡಾಕ್ಟರ್ ಹಿಲರಿ ಕಾಸ್ ಎಂಬ ಮಕ್ಕಳ ವೈದ್ಯೆ 2024ರ ಏಪ್ರಿಲ್‌ನಲ್ಲಿ ವರದಿ ಕೊಟ್ಟರು. ಪ್ರಾಯದ ಬದಲಾವಣೆಯನ್ನು ತಡೆದು ನಿಲ್ಲಿಸುವ ಔಷಧಗಳ ಬಗ್ಗೆ ಇರುವ ಪುರಾವೆ ದುರ್ಬಲವೆಂದು ಅದರಲ್ಲಿ ಹೇಳಿದರು. ಅಲ್ಲಿನ ಸರ್ಕಾರ ಮೇ ತಿಂಗಳಲ್ಲಿ ತುರ್ತು ತಡೆ ಹಾಕಿ, ಡಿಸೆಂಬರ್‌ನಲ್ಲಿ ಅದನ್ನು ಅನಿರ್ದಿಷ್ಟ ಕಾಲಕ್ಕೆ ಮುಂದುವರಿಸಿತು. ಅಮೆರಿಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇಂಥ ಕಾಯಿದೆ ಮಾಡಿದವು. ಟೆನೆಸಿ ರಾಜ್ಯದ ಕಾಯಿದೆಯನ್ನು ಅಲ್ಲಿನ ಸುಪ್ರೀಂ ಕೋರ್ಟು 2025ರ ಜೂನ್ 18ರಂದು ಆರು ಮಂದಿ ನ್ಯಾಯಾಧೀಶರ ಬಹುಮತದಿಂದ ಎತ್ತಿ ಹಿಡಿಯಿತು, ಮೂವರು ಒಪ್ಪಲಿಲ್ಲ.

ಚಹಾದಂಗಡಿಯ ಗೆಳೆಯರು ಇಷ್ಟನ್ನು ಓದಿದರು. ಆದರೆ ಅದೇ ಕಾಸ್ ವರದಿ ಈ ಮಕ್ಕಳನ್ನು ಮನೆಗೆ ಅಟ್ಟಿರೆಂದು ಹೇಳಲಿಲ್ಲ. ಅವರನ್ನು ಪೂರ್ತಿಯಾಗಿ ನೋಡಿಕೊಳ್ಳುವ ಕೇಂದ್ರಗಳು ಪ್ರಾಂತ ಪ್ರಾಂತಗಳಲ್ಲಿ ಆಗಬೇಕೆಂದೂ ಹೇಳಿತು. ಎಚ್ಚರ ಬೇಕೆಂಬ ಮಾತನ್ನು ನಾನೂ ಒಪ್ಪುತ್ತೇನೆ. ಯಾವ ಔಷಧ, ಯಾವ ವಯಸ್ಸಿಗೆ, ಎಷ್ಟು ಎಂಬುದನ್ನು ಕಲಿತ ವೈದ್ಯರು ಪರೀಕ್ಷಿಸಿ, ತಂದೆತಾಯಿ ಮತ್ತು ಮಗುವಿನ ಜೊತೆ ಕುಳಿತು ತೀರ್ಮಾನಿಸಬೇಕು. ಆದರೆ ಮಂತ್ರಿಗಳು ಮತ ಎಣಿಸಿ ಎಲ್ಲ ಮಕ್ಕಳಿಗೂ ಒಂದೇ ಬೀಗ ಜಡಿಯುವುದು ಎಚ್ಚರವಲ್ಲ, ದರ್ಪ.

ಮಕ್ಕಳ ರಕ್ಷಣೆಯ ಹೆಸರಿನಲ್ಲಿ ದರ್ಪ ನಡೆಸುವುದು ನಮ್ಮ ದೇಶಕ್ಕೆ ಹೊಸದಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದಿತು. ಅದರ ಎರಡನೆಯ ಭಾಗ ಹಿಜಡಾಗಳ ಹೆಸರುಗಳನ್ನು ಪೊಲೀಸ್ ದಾಖಲೆಯಲ್ಲಿ ಬರೆಸುವುದಕ್ಕೆ ಮಾಡಿದ್ದು. ಹಾಗೆ ಬರೆಸಲ್ಪಟ್ಟವರ ಮನೆಯಲ್ಲಿ ಹದಿನಾರು ತುಂಬದ ಹುಡುಗನಿದ್ದರೆ ಎರಡು ವರ್ಷದವರೆಗೆ ಸೆರೆವಾಸ. ಹೈದರಾಬಾದ್ ಸಂಸ್ಥಾನದಲ್ಲಿಯೂ 1919ರ ಸುಮಾರಿಗೆ ಇಂಥದೇ ಕಾಯಿದೆ ಬಂತು. ಆಗ ಕಲಬುರಗಿ, ರಾಯಚೂರು, ಬೀದರ ನಿಜಾಮರ ಆಡಳಿತದಲ್ಲಿದ್ದವೆಂಬುದನ್ನು ಮರೆಯಬೇಡಿರಿ. ಆ ಕಾಯಿದೆಯನ್ನು ಸಂವಿಧಾನಕ್ಕೆ ವಿರೋಧವೆಂದು ತೆಲಂಗಾಣ ಹೈಕೋರ್ಟು ತೆಗೆದುಹಾಕಿದ್ದು 2023ರ ಜುಲೈನಲ್ಲಿ, ನೂರು ವರ್ಷ ಕಳೆದ ಮೇಲೆ! ಈ ಕಾಯಿದೆಗಳೆಲ್ಲ ಮಕ್ಕಳನ್ನು ಉಳಿಸುತ್ತೇವೆಂದೇ ಬಂದವು. ಅವು ತೆರೆದದ್ದು ಪೊಲೀಸರ ಪುಸ್ತಕವನ್ನು, ದವಾಖಾನೆಯನ್ನಲ್ಲ.

ನಮ್ಮ ಈ ಗಡಿನಾಡಿನಲ್ಲಿ ಇಂಥ ಮಗುವಿಗೆ ಹಿರಿಯರು ಕೊಡುತ್ತಿದ್ದ ಉತ್ತರ ಬೇರೆ. ಹುಡುಗನ ನಡಿಗೆ, ಮಾತು ಹೆಣ್ಣಿನಂತಿದ್ದರೆ ಸವದತ್ತಿಯ ಗುಡ್ಡಕ್ಕೆ ಒಯ್ದು ಮುತ್ತು ಕಟ್ಟಿಸುವುದು. ಕೊಲ್ಲಾಪುರ, ಗಡಹಿಂಗ್ಲಜ ಕಡೆಯಿಂದ ಹುಣ್ಣಿಮೆಗೆ ಹೋಗುವವರ ನಡುವೆ ಜೋಗಪ್ಪಗಳನ್ನು ನೀವೆಲ್ಲರೂ ಕಂಡಿದ್ದೀರಿ. ಯಾರ ನಂಬಿಕೆಯನ್ನೂ ನಾನು ಹಳಿಯುವುದಿಲ್ಲ. ಅಷ್ಟಾದರೂ ಒಂದು ಜಾಗ, ಒಂದು ಮರ್ಯಾದೆ ಅಲ್ಲಿ ಸಿಕ್ಕಿತು. ಜೋಗತಿ ಕಲೆಯಿಂದಲೇ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರಿಗೆ ನಮಸ್ಕಾರ. ಆದರೆ ಕೈಯಲ್ಲಿ ಚೌಡಿಕೆ ಹಿಡಿದ ಮಗುವಿನ ಶಾಲೆ ಏನಾಯಿತೆಂದು ಯಾರು ಕೇಳಿದರು? ಹೆಣ್ಣುಮಕ್ಕಳನ್ನು ದೇವದಾಸಿ ಬಿಡುವುದನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ಕಾಯಿದೆ ಮಾಡಿತು. ಆ ಕಾಯಿದೆಯ ಅರ್ಥದಲ್ಲಿ ದೇವದಾಸಿ ಎಂದರೆ ಹೆಂಗಸು ಮಾತ್ರ. ಮುತ್ತು ಕಟ್ಟಿಸಿಕೊಂಡ ಹುಡುಗ ಅದರ ಲೆಕ್ಕಕ್ಕೇ ಬರಲಿಲ್ಲ.

ಗುಡ್ಡಕ್ಕೂ ಹೋಗದವರು ಊರು ಬಿಟ್ಟು ಹೋಗಿ, ಮುಚ್ಚಿದ ಕೋಣೆಯಲ್ಲಿ ದಾಯಮ್ಮನ ಕತ್ತಿಗೆ ಮೈಯೊಡ್ಡಿದರು. ಅದಕ್ಕೆ ಅವರು ನಿರ್ವಾಣವೆನ್ನುತ್ತಾರೆ. ರಕ್ತ ಹೋಗಿ ಸತ್ತವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಹಾಗಾದರೆ ಸರ್ಕಾರ ಏನನ್ನೂ ತಡೆಯಬಾರದೇ? ತಡೆಯಬೇಕು! ತಡೆಯಬೇಕಾದದ್ದು ಒಂದುಂಟು. ಕೆಲವು ಶಿಶುಗಳು ಹುಟ್ಟುವಾಗಲೇ ಗಂಡೋ ಹೆಣ್ಣೋ ಎಂದು ತಿಳಿಯದಂಥ ದೇಹ ಪಡೆದಿರುತ್ತವೆ. ಮಾತು ಬಾರದ ಆ ಮಕ್ಕಳಿಗೆ ಜನರ ನಾಚಿಕೆ ಮುಚ್ಚುವುದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡುತ್ತಾ ಬಂದರು. ಮದ್ರಾಸ್ ಹೈಕೋರ್ಟಿನ ಮಧುರೆ ಪೀಠ 2019ರ ಏಪ್ರಿಲ್‌ನಲ್ಲಿ ಇದನ್ನು ನಿಲ್ಲಿಸಿರೆಂದಿತು. ಅದೇ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ ಪ್ರಾಣಾಪಾಯದ ಹೊರತು ಇಂಥ ಶಸ್ತ್ರಚಿಕಿತ್ಸೆ ಕೂಡದೆಂದು ಆದೇಶ ಹೊರಡಿಸಿತು.

ಕೇರಳದಲ್ಲಿ ಏಳು ವರ್ಷದ ಒಂದು ಮಗುವಿನ ತಂದೆತಾಯಿ ಇಂಥ ಶಸ್ತ್ರಚಿಕಿತ್ಸೆಗೆ ಅಪ್ಪಣೆ ಕೇಳಿ ಹೈಕೋರ್ಟಿಗೆ ಹೋದರು. 2023ರ ಆಗಸ್ಟ್ 7ರಂದು ಕೋರ್ಟು ಅಪ್ಪಣೆ ಕೊಡಲಿಲ್ಲ. ಮಗುವಿನ ಒಪ್ಪಿಗೆಯಿಲ್ಲದೆ ಅದರ ಲಿಂಗವನ್ನು ಬೇರೆಯವರು ತೀರ್ಮಾನಿಸಲಾಗದೆಂದು ಹೇಳಿ, ಪರಿಣತರ ಸಮಿತಿ ರಚಿಸಲು ಸರ್ಕಾರಕ್ಕೆ ಆಜ್ಞೆ ಮಾಡಿತು. ಕಾಸರಗೋಡಿನ ನಮ್ಮ ಕನ್ನಡ ಬಂಧುಗಳಿಗೂ ಆ ತೀರ್ಪು ಅನ್ವಯಿಸುತ್ತದೆ. ಇದು ನ್ಯಾಯವಾದ ತಡೆ.

ಈ ಎರಡು ತಡೆಗಳ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಿರಿ. ಒಂದು, ಮಾತು ಬಾರದ ಮಗುವಿನ ಮೇಲೆ ಬರುವ ಕತ್ತಿಯನ್ನು ತಡೆಯುತ್ತದೆ. ಇನ್ನೊಂದು, ಮಾತನಾಡುವ ಮಗುವಿನ ಬಾಯಿಯನ್ನು ಮುಚ್ಚುತ್ತದೆ. ಎರಡಕ್ಕೂ ಮಕ್ಕಳ ರಕ್ಷಣೆಯೆಂಬ ಒಂದೇ ಹೆಸರಿಟ್ಟು ನಮ್ಮನ್ನು ಮೋಸಗೊಳಿಸುತ್ತಾರೆ.

ನಮ್ಮ ಸರ್ಕಾರ ಬರೆದುಕೊಟ್ಟ ಮಾತುಗಳೂ ಇವೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2019ರ ಕಾಯಿದೆಯ 15ನೆಯ ಕಲಮಿನಲ್ಲಿ ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅದರ ಮೊದಲು ಮತ್ತು ನಂತರದ ಸಲಹೆ, ವಿಮೆ ಇವನ್ನು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆಯೇ ಹಾಕಲಾಯಿತು. 2022ರ ಆಗಸ್ಟ್ 24ರಂದು ದೆಹಲಿಯಲ್ಲಿ ಸಹಿ ಮಾಡಿ, ಆಯುಷ್ಮಾನ್ ಭಾರತದಡಿ ಒಬ್ಬರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯೆಂದು ಸಾರಿದರು. ಆದರೆ ಅದಕ್ಕೆ ಗುರುತಿನ ಪ್ರಮಾಣಪತ್ರ ಬೇಕು. ಹದಿನೆಂಟು ತುಂಬದ ಮಗುವಿನ ಅರ್ಜಿಯನ್ನು ತಂದೆತಾಯಿ ಅಥವಾ ಪಾಲಕರೇ ಕೊಡಬೇಕೆಂದು 2019ರ ಕಾಯಿದೆ ಬರೆಯಿತು. ತಂದೆಯೇ ಬಾಗಿಲಿನಿಂದ ಹೊರಗೆ ತಳ್ಳಿದ ಮಗು ಯಾರ ಸಹಿ ತರಬೇಕು? ಉಳ್ಳವನ ಮಗು ಪುಣೆಗೋ ಮುಂಬಯಿಗೋ ಹೋಗಿ ಖಾಸಗಿ ವೈದ್ಯರನ್ನು ಕಾಣುತ್ತದೆ. ಎರಡು ದಿನದ ಪಗಾರ ಬಿಡಲಾರದವನ ಮಗುವಿಗೆ ಇವತ್ತೇ ನಿಷೇಧ ಜಾರಿಯಲ್ಲಿದೆ. ಅದಕ್ಕೆ ಕಾಯಿದೆ ಬೇಕಾಗಲೇ ಇಲ್ಲ, ಬಡತನ ಸಾಕಾಯಿತು. ಆದ್ದರಿಂದಲೇ ಇದು ಕಾರ್ಮಿಕರ ಪ್ರಶ್ನೆ ಎನ್ನುತ್ತೇನೆ.

ನೀವು ಕೇಳುವ ಪ್ರಶ್ನೆಗಳು ನನಗೆ ಗೊತ್ತು. "ಮಗುವಿಗೆ ಏನು ತಿಳಿಯುತ್ತದೆ? ನಾಳೆ ಪಶ್ಚಾತ್ತಾಪ ಪಟ್ಟರೆ?" ಪಡಬಹುದು, ಪಟ್ಟವರೂ ಇದ್ದಾರೆ. ಅದಕ್ಕಾಗಿಯೇ ವೈದ್ಯ ಬೇಕು. ವೈದ್ಯನು ಕೇಳುತ್ತಾನೆ, ಕಾಯುತ್ತಾನೆ, ಬರೆದಿಡುತ್ತಾನೆ, ಬೇಡವೆಂದೂ ಹೇಳುತ್ತಾನೆ. ಗುಳಿಗೆ ಮಾರುವ ಅಂಗಡಿಯವನು ಬೇಡವೆನ್ನುವುದಿಲ್ಲ. ಹದಿನೈದರ ಮಗುವನ್ನು ದವಾಖಾನೆಗೆ ಒಯ್ದರೆ ಮಾರನೆಯ ದಿನವೇ ಕತ್ತಿ ಹಿಡಿಯುತ್ತಾರೆಂಬುದು ಸುಳ್ಳು ಭಯ. ಮೊದಲ ಚಿಕಿತ್ಸೆ ಒಂದು ಕುರ್ಚಿ, ಒಂದು ಮುಚ್ಚಿದ ಕೋಣೆ, ನಗದೆ ಕೇಳುವ ಒಬ್ಬ ಮನುಷ್ಯ. ನಮ್ಮ ಮಗುವಿಗೆ ಅಷ್ಟೂ ಸಿಗಲಿಲ್ಲ.

"ಬೈದು, ಬಡಿದು, ಔಷಧ ಕೊಟ್ಟು ಸರಿ ಮಾಡುತ್ತೇವೆ" ಎನ್ನುವವರಿಗೆ ಒಂದು ಮಾತು. ಮದ್ರಾಸ್ ಹೈಕೋರ್ಟು 2021ರ ಜೂನ್‌ನಲ್ಲಿ ಅಂಥ ಬಲವಂತದ ಚಿಕಿತ್ಸೆ ಕೂಡದೆಂದಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅದನ್ನು ವೈದ್ಯರ ವೃತ್ತಿ ದುರ್ನಡತೆಯೆಂದು ಸಾರಿತು.

"ದೇವರು ಗಂಡು ಹೆಣ್ಣಾಗಿಯೇ ಸೃಷ್ಟಿಸಿದನಲ್ಲ" ಎನ್ನುವ ಸಭೆಯ ಹಿರಿಯರಿಗೆ, ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯವನ್ನು ಮನೆಯಲ್ಲಿ ಇನ್ನೊಮ್ಮೆ ಓದಿರೆಂದು ಕೈಮುಗಿದು ಕೇಳುತ್ತೇನೆ. ಐಥಿಯೋಪ್ಯದ ಕಂಚುಕಿ ದಾರಿಯಲ್ಲಿ ಹೋಗುತ್ತಿದ್ದ. ಫಿಲಿಪ್ಪನು ಅವನ ದೇಹದ ಲೆಕ್ಕ ಕೇಳಲಿಲ್ಲ. ರಥ ಹತ್ತಿ ಪಕ್ಕದಲ್ಲಿ ಕುಳಿತ. ನಮ್ಮ ಬೆಂಚಿನಲ್ಲಿ ಆ ಮಗುವಿನ ಪಕ್ಕದಲ್ಲಿ ಯಾರು ಕುಳಿತಿದ್ದರು? ನಾನೂ ಕುಳಿತಿರಲಿಲ್ಲ. ಆ ತಪ್ಪನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ಬಂಧುಗಳೇ, ಮುಂದಿನ ತಿಂಗಳ ಸಭೆಯಲ್ಲಿ ನಾವು ಬೇಡಿಕೆಗಳನ್ನು ಬರೆದು ಸಹಿ ಹಾಕೋಣ. ಒಂದು: ಜಿಲ್ಲಾ ದವಾಖಾನೆಯಲ್ಲಿ ವಾರಕ್ಕೆ ಒಂದು ದಿನವಾದರೂ ಈ ಮಕ್ಕಳನ್ನು ನೋಡುವ, ತರಬೇತಾದ ವೈದ್ಯರು ಮತ್ತು ಸಲಹೆಗಾರರು ಕುಳಿತುಕೊಳ್ಳಬೇಕು. ಎರಡು: ಹದಿನೆಂಟು ತುಂಬಿಲ್ಲವೆಂದು ಯಾವ ಮಗುವನ್ನೂ ಚೀಟಿ ಬರೆಯದೆ ಹಿಂದಕ್ಕೆ ಕಳುಹಿಸಕೂಡದು. ಮೂರು: ತಂದೆತಾಯಿ ಕೈಬಿಟ್ಟ ಮಗುವಿನ ಅರ್ಜಿಗೆ ಸಹಿ ಹಾಕುವ ಅಧಿಕಾರಿ ಯಾರೆಂದು ಸರ್ಕಾರ ಸ್ಪಷ್ಟಪಡಿಸಬೇಕು. ನಾಲ್ಕು: ಒಪ್ಪಿಗೆ ಹೇಳಲಾರದ ಶಿಶುಗಳ ಶಸ್ತ್ರಚಿಕಿತ್ಸೆಯನ್ನು ತಮಿಳುನಾಡಿನಂತೆ ಎಲ್ಲ ರಾಜ್ಯಗಳೂ ತಡೆಯಬೇಕು. ಐದು: ಮಗುವನ್ನು ದವಾಖಾನೆಗೆ ಒಯ್ಯುವ ಕಾರ್ಮಿಕನ ದಿನದ ಪಗಾರ ಕತ್ತರಿಸಕೂಡದು. ಈ ಐದನೆಯದನ್ನು ಸರ್ಕಾರದಿಂದಲ್ಲ, ನಮ್ಮ ಮಾಲೀಕರಿಂದಲೇ ಕೇಳಿ ಪಡೆಯೋಣ.

ಆ ತಾಯಿ ಈಗಲೂ ಪ್ರತಿ ರವಿವಾರ ಆರಾಧನೆ ಮುಗಿದ ಮೇಲೆ ನನ್ನನ್ನು ಕೇಳುತ್ತಾಳೆ: "ಈಗ ಕರೆಸಿದರೆ ನೋಡುತ್ತಾರೇನ್ರಿ?" ಹೌದೆನ್ನಲು ನನ್ನಿಂದ ಇನ್ನೂ ಆಗಿಲ್ಲ. ಹೌದೆನ್ನುವ ದಿನ ಬರಬೇಕಾದರೆ ಸಹಿ ಹಾಕಲು ನೀವೂ ಬರಬೇಕು.