ಸ್ಟೆಂಟ್ ಹಾಕಿಸಿದವರು ರಮಝಾನ್‌ನಲ್ಲಿ ಮಾತ್ರೆ ಬಿಡಬಾರದು

"ಎದೆನೋವು ಹೋಯಿತು, ಸ್ಟೆಂಟ್ ಹಾಕಿಸಿ ನಾಲ್ಕು ತಿಂಗಳಾಯಿತು. ರಮಝಾನ್ ಒಂದು ತಿಂಗಳು ಮಾತ್ರೆ ಬಿಟ್ಟರೆ ಏನಾದೀತು?" ನಮ್ಮ ಮನೆಗಳಲ್ಲಿ ಹಿರಿಯರು ಹೀಗೆ ಕೇಳುವುದುಂಟು. ಉಪವಾಸದ ಮೇಲಿನ ಅವರ ಪ್ರೀತಿ ದೊಡ್ಡದು. ಆದರೆ ಈ ಲೆಕ್ಕ ಜೀವಕ್ಕೇ ಅಪಾಯಕಾರಿ. ಯಾಕೆಂದು ಮನೆಯವರೆಲ್ಲರೂ ತಿಳಿದಿರಬೇಕು.

ಹೃದಯದ ರಕ್ತನಾಳಕ್ಕೆ ಒಳಗಡೆ ತೆಳುವಾದ ಒಂದು ಪದರವಿದೆ. ಅದರ ಹಿಂದೆ ನಯಸ್ನಾಯುವಿನ ಜೀವಕೋಶಗಳಿವೆ. ನಾಳವನ್ನು ಬಿಗಿಗೊಳಿಸುವುದು, ಸಡಿಲಿಸುವುದು ಇವುಗಳ ಕೆಲಸ. ಸಾಮಾನ್ಯವಾಗಿ ಇವು ಬೆಳೆಯುವುದು ತೀರಾ ಕಡಿಮೆ. ಪ್ರೋಟೀನ್ ಎಂದರೆ ನಮಗೆ ಮೊಟ್ಟೆ, ಬೇಳೆ ನೆನಪಾಗುತ್ತದೆ. ಆದರೆ ದೇಹದೊಳಗೆ ಸಂದೇಶ ಒಯ್ಯುವ ಪ್ರೋಟೀನ್‌ಗಳೂ ಇವೆ. ನಾಳದ ಒಳಪದರಕ್ಕೆ ಗಾಯವಾದಾಗ ರಕ್ತದ ಪ್ಲೇಟ್‌ಲೆಟ್‌ಗಳು ಅಲ್ಲಿ ಅಂಟಿಕೊಂಡು ಅಂಥದೊಂದು ಪ್ರೋಟೀನನ್ನು ಬಿಡುಗಡೆ ಮಾಡುತ್ತವೆ. ಅಮೆರಿಕದ ರಸೆಲ್ ರಾಸ್ ಮತ್ತು ಸಂಗಡಿಗರು 1974ರಲ್ಲಿ ಇದನ್ನು ತೋರಿಸಿಕೊಟ್ಟರು. ಈ ಸಂದೇಶ ತಲುಪಿದಾಗ ಕೋಶದೊಳಗಿನ ಎಮ್‌ಟಾರ್ ಎಂಬ ಇನ್ನೊಂದು ಪ್ರೋಟೀನ್ 'ಬೆಳೆ' ಎಂದು ಅಪ್ಪಣೆ ಕೊಡುತ್ತದೆ. ಸ್ನಾಯುಕೋಶಗಳು ಹೆಚ್ಚಿ, ಒಳಗೆ ಸರಿದು, ಗಾಯ ಮುಚ್ಚುತ್ತವೆ. ಇದು ದೇಹದ ರಿಪೇರಿ ಕೆಲಸ. ಅತಿಯಾದರೆ ದಾರಿಯೇ ಮುಚ್ಚಿಹೋಗುತ್ತದೆ.

1977ರಲ್ಲಿ ಝೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಬಾರಿಗೆ ಬಲೂನಿನಿಂದ ರೋಗಿಯ ಹೃದಯನಾಳವನ್ನು ಅಗಲಿಸಿದರು. ಆದರೆ ಬಲೂನ್ ಮಾತ್ರ ಬಳಸುತ್ತಿದ್ದ ಆ ಕಾಲದಲ್ಲಿ ಸುಮಾರು ಮೂರರಲ್ಲೊಬ್ಬ ರೋಗಿಗೆ ಕೆಲವೇ ತಿಂಗಳಲ್ಲಿ ನಾಳ ಮತ್ತೆ ಕಿರಿದಾಗುತ್ತಿತ್ತು. ಇಂದಿನ ಸ್ಟೆಂಟ್‌ಗಳಿಗೆ ಸಿರೋಲಿಮಸ್ ಅಥವಾ ಅದರ ಜಾತಿಯ ಔಷಧಿ ಲೇಪಿಸಿರುತ್ತಾರೆ. ಅದು ಎಮ್‌ಟಾರ್ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಸಿರೋಲಿಮಸ್ ಸಿಕ್ಕಿದ್ದು ಈಸ್ಟರ್ ದ್ವೀಪದ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ. ಅಲ್ಲಾಹನು ಮದ್ದನ್ನು ಎಲ್ಲೆಲ್ಲಿ ಇಟ್ಟಿದ್ದಾನೆ ನೋಡಿ!

ಆದರೆ ಈ ಔಷಧಿ ನಾಳದ ಒಳಪದರ ಬೆಳೆಯುವುದನ್ನೂ ನಿಧಾನಿಸುತ್ತದೆ. ಆ ಪದರ ಸ್ಟೆಂಟನ್ನು ಪೂರ್ತಿ ಮುಚ್ಚುವ ತನಕ ಲೋಹದ ತಂತಿ ರಕ್ತಕ್ಕೆ ತೆರೆದುಕೊಂಡಿರುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಆಸ್ಪಿರಿನ್ ಮತ್ತು ಜೊತೆಗೆ ಇನ್ನೊಂದು ಮಾತ್ರೆ ಕೊಡುತ್ತಾರೆ. ಎರಡನೆಯದು ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು ಬೇಕಾಗುತ್ತದೆ. ನಡುವೆ ನಿಲ್ಲಿಸಿದರೆ ನಾಳ ಹಠಾತ್ತನೆ ಮುಚ್ಚಿ ಹೃದಯಾಘಾತವಾಗಬಹುದು. ನೋವಿಲ್ಲ ಎಂಬುದು ಗುಣವಾಗಿದೆ ಎಂಬುದಕ್ಕೆ ಪುರಾವೆಯಲ್ಲ.

ಹಾಗಾದರೆ ಉಪವಾಸ? ರಮಝಾನ್‌ಗೆ ಮೊದಲೇ ವೈದ್ಯರನ್ನು ಕಾಣಿರಿ. ದಿನಕ್ಕೊಮ್ಮೆಯ ಮಾತ್ರೆಯನ್ನು ಇಫ್ತಾರ್‌ಗೆ, ಎರಡು ಬಾರಿಯದನ್ನು ಸಹರಿ ಮತ್ತು ಇಫ್ತಾರ್‌ಗೆ ಹೊಂದಿಸಲು ಹಲವರಿಗೆ ಸಾಧ್ಯವಿದೆ. ವೈದ್ಯರು ಬೇಡವೆಂದರೆ ಹಟ ಹಿಡಿಯಬಾರದು. ರೋಗಿಗಳಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಅಲ್ ಬಕರ ಅಧ್ಯಾಯದ 184 ಮತ್ತು 185ನೇ ಸೂಕ್ತಗಳನ್ನು ಓದಿರಿ. ಮುಂದೆ ಪೂರೈಸುವುದೋ ಫಿದ್ಯಾ ಕೊಡುವುದೋ ಎಂಬುದನ್ನು ವಿದ್ವಾಂಸರಲ್ಲಿ ಕೇಳಿರಿ. ಹಗಲೆಲ್ಲಾ ಸಿಗರೇಟು ಮುಟ್ಟದವರು ಇಫ್ತಾರ್ ಆದೊಡನೆ ಹಚ್ಚುವುದೂ ಬೇಡ. ಹೊಗೆ ಅದೇ ಒಳಪದರವನ್ನು ಹಾಳುಮಾಡುತ್ತದೆ.

ರಮಝಾನ್‌ನ ಮುಂಚಿನ ಜುಮಾದಲ್ಲಿ ಖತೀಬರು ಈ ಬಗ್ಗೆ ಎರಡು ಮಾತು ಹೇಳಲಿ. ಮನೆಯಲ್ಲಿ ಮಕ್ಕಳು, ಸೊಸೆಯಂದಿರು ಹಿರಿಯರ ಮಾತ್ರೆ ಡಬ್ಬಿಯನ್ನೊಮ್ಮೆ ತೆರೆದು ನೋಡಲಿ. ಜೀವ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು. ಅದನ್ನು ಕಾಪಾಡುವುದೂ ಆರಾಧನೆಯೇ.